ವಯಸ್ಸು ಯಾವುದೇ ಇರಲಿ, ನಂಬಿಗಸ್ತ ಮಾದರಿಯಾಗಿ ಬಾಳುವುದು ಹೇಗೆ: ಬೀದರ್ ಸೀಮೆಯ ವಿಶ್ವಾಸಿಗಳಿಗೆ ಸಮಗ್ರ ಮಾರ್ಗದರ್ಶಿ

ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಎದ್ದು ನಿಂತು ಹೊಸ ಬಾಳಿನ ತೀರ್ಮಾನ ಮಾಡಿದವರಲ್ಲಿ ಅನೇಕರು ಈಸ್ಟರ್ ಹಬ್ಬಕ್ಕೆ ಮುಂಚಿನ ಶ್ರಮೆಯ ದಿನಗಳು ಆರಂಭವಾಗುವ ಹೊತ್ತಿಗೆ ಹಳೆಯ ಜಾಡಿಗೇ ಮರಳಿರುತ್ತಾರೆ. ಬೇಸಿಗೆಯ ಯುವಜನ ಶಿಬಿರದಲ್ಲಿ ಕಣ್ಣೀರಿಟ್ಟ ಹುಡುಗರು ಕಾಲೇಜು ತೆರೆಯುವಷ್ಟರಲ್ಲಿ ದೇವಾಲಯದ ಹಿಂದಿನ ಸಾಲಿಗೆ ಸರಿದಿರುತ್ತಾರೆ. ಇತ್ತ ಅರವತ್ತು ದಾಟಿದವರಲ್ಲಿ ಕೆಲವರು ‘ನಮ್ಮ ಕಾಲ ಮುಗಿಯಿತು, ಇನ್ನು ಹುಡುಗರು ನೋಡಿಕೊಳ್ಳಲಿ’ ಎಂದು ಸುಮ್ಮನಾಗುತ್ತಾರೆ. ಇನ್ನು ಕೆಲವರು ತಲೆ ನರೆತ ಮಾತ್ರಕ್ಕೆ ತಾವು ಮಾದರಿಯಾದೆವೆಂದು ತಿಳಿಯುತ್ತಾರೆ. ಬೀದರ್, ಭಾಲ್ಕಿ, ಹುಮನಾಬಾದ್, ಔರಾದ್ ಕಡೆಯ ಕ್ರೈಸ್ತ ಸಭೆಗಳಲ್ಲಿ ಪದೇ ಪದೇ ಕಾಣುವ ಸೋಲು ಇದು. ಇವರಿಗೆಲ್ಲ ಮನಸ್ಸು ಇದ್ದೇ ಇರುತ್ತದೆ. ಕೆಡುವುದು ಕ್ರಮ. ಕೊನೆಗೆ ಮಾಡಬೇಕಾದದ್ದನ್ನು ಮೊದಲು ಕೈಗೆತ್ತಿಕೊಳ್ಳುತ್ತಾರೆ, ಮೊದಲು ಮಾಡಬೇಕಾದದ್ದು ಹಾಗೆಯೇ ಉಳಿದುಬಿಡುತ್ತದೆ.

ಯೌವನಸ್ಥನೆಂದು ಯಾರೂ ನಿನ್ನನ್ನು ಅಸಡ್ಡೆ ಮಾಡದಂತೆ ನುಡಿಯಲ್ಲಿ, ನಡೆಯಲ್ಲಿ, ಪ್ರೀತಿಯಲ್ಲಿ, ನಂಬಿಕೆಯಲ್ಲಿ, ಶುದ್ಧತ್ವದಲ್ಲಿ ಮಾದರಿಯಾಗಿರು ಎಂದು ಅಪೊಸ್ತಲ ಪೌಲನು ತನ್ನ ಕಿರಿಯ ಜೊತೆಸೇವಕ ತಿಮೊಥೆಯನಿಗೆ ಬರೆದದ್ದು (1 ತಿಮೊಥೆಯ 4:12) ನಮ್ಮ ಸಂಡೇ ಸ್ಕೂಲಿನ ಮಕ್ಕಳಿಗೂ ಬಾಯಿಪಾಠ. ಆದರೆ ಆ ಪತ್ರಕ್ಕೆ ಬಹಳ ಮುಂಚೆ ನಡೆದದ್ದನ್ನು ನಾವು ಗಮನಿಸುವುದು ಕಡಿಮೆ. ಲುಸ್ತ್ರದಲ್ಲಿಯೂ ಇಕೋನ್ಯದಲ್ಲಿಯೂ ಇದ್ದ ಸಹೋದರರು ತಿಮೊಥೆಯನ ವಿಷಯದಲ್ಲಿ ಒಳ್ಳೆಯ ಸಾಕ್ಷಿ ಹೇಳುತ್ತಿದ್ದರು, ಆ ಮೇಲೆಯೇ ಪೌಲನು ಅವನನ್ನು ಜೊತೆಗೆ ಕರೆದುಕೊಂಡನು (ಅಪೊಸ್ತಲರ ಕೃತ್ಯಗಳು 16:1-3). ಅದಕ್ಕೂ ಮೊದಲು ಅವನ ಅಜ್ಜಿ ಲೋವಿ, ತಾಯಿ ಯೂನಿಕೆ ಇವರ ಮನೆಯಿತ್ತು (2 ತಿಮೊಥೆಯ 1:5). ಮನೆ ಮೊದಲು, ಊರಿನವರ ಸಾಕ್ಷಿ ಅನಂತರ, ವೇದಿಕೆ ಕೊನೆಗೆ. ಕೆಳಗಿನ ಹಂತಗಳು ಇದೇ ಕ್ರಮದಲ್ಲಿವೆ. ಒಂದನ್ನು ಹಾರಿ ಇನ್ನೊಂದಕ್ಕೆ ಹೋಗಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಆರಂಭಿಸುವ ಮುನ್ನ ಬೇಕಾದವು

ಕನ್ನಡ ಸತ್ಯವೇದ (ಬೈಬಲ್) ಒಂದು. ಫೋನಿನಲ್ಲಿ ಓದುವುದು ತಪ್ಪಲ್ಲ, ಆದರೆ ಮುಂಜಾನೆ ಫೋನ್ ಕೈಗೆತ್ತಿಕೊಂಡವನು ಕೀರ್ತನೆ ತೆರೆಯುವ ಮೊದಲೇ ಹತ್ತು ಸಂದೇಶ ನೋಡಿರುತ್ತಾನೆ. ಆದ್ದರಿಂದ ಮುದ್ರಿತ ಪುಸ್ತಕವೇ ಲೇಸು. ನೂರು ಪುಟದ ಒಂದು ನೋಟ್‌ಬುಕ್ ಮತ್ತು ಪೆನ್ನು ಇರಲಿ. ಇವೆರಡಕ್ಕಿಂತ ಮುಖ್ಯವಾದದ್ದು ಒಬ್ಬ ಜೊತೆಗಾರ: ನಿಮಗಿಂತ ಕನಿಷ್ಠ ಹದಿನೈದು ವರ್ಷ ಹಿರಿಯ ಅಥವಾ ಕಿರಿಯ ವಿಶ್ವಾಸಿ, ಪುರುಷರಿಗೆ ಪುರುಷ, ಸ್ತ್ರೀಯರಿಗೆ ಸ್ತ್ರೀ. ಒಂದೇ ವಯಸ್ಸಿನ ಸ್ನೇಹಿತರು ಒಬ್ಬರ ಕುಂದನ್ನು ಇನ್ನೊಬ್ಬರು ಸಹಜವೆಂದು ಬಿಟ್ಟುಬಿಡುತ್ತಾರೆ. ಕಾಲೇಜಿನ ಹುಡುಗನಿಗೆ ನಿವೃತ್ತ ಮೇಷ್ಟ್ರು, ನಿವೃತ್ತ ಮೇಷ್ಟ್ರಿಗೆ ಆ ಹುಡುಗ, ಹೀಗೆ ಜೋಡಿ ಕೂಡಿದರೆ ಇಬ್ಬರ ಕಣ್ಣೂ ತೆರೆಯುತ್ತದೆ.

ಜೊತೆಗಾರನನ್ನು ಆರಿಸುವಾಗ ಸಭೆಯಲ್ಲಿ ಚೆನ್ನಾಗಿ ಮಾತನಾಡುವವರನ್ನು ಹುಡುಕಬೇಡಿ. ಕೇಳಿದ ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಬಲ್ಲವರನ್ನು ಹುಡುಕಿ.

ಹಂತ 1: ಯಾರೂ ನೋಡದ ಅರ್ಧ ಗಂಟೆ

ನೀತಿಕಾರ್ಯಗಳನ್ನು ಜನರಿಗೆ ಕಾಣಲೆಂದು ಮಾಡಬೇಡಿರಿ ಎಂದು ಮತ್ತಾಯ 6ನೆಯ ಅಧ್ಯಾಯದಲ್ಲಿ ಎಚ್ಚರಿಸಿದ ಕರ್ತನಾದ ಯೇಸುವೇ, ನಿಮ್ಮ ಬೆಳಕು ಜನರ ಮುಂದೆ ಪ್ರಕಾಶಿಸಲಿ ಎಂದು 5ನೆಯ ಅಧ್ಯಾಯದಲ್ಲಿ ಹೇಳಿದ್ದಾನೆ. ಬಾಗಿಲು ಮುಚ್ಚಿಕೊಂಡು ಮಾಡುವ ಪ್ರಾರ್ಥನೆಯೇ ಹೊರಗಿನ ಬೆಳಕಿಗೆ ಎಣ್ಣೆ ಎಂದು ತಿಳಿದರೆ ಎರಡೂ ಮಾತು ಕೂಡಿಕೊಳ್ಳುತ್ತವೆ.

ದಿನಕ್ಕೆ ಅರ್ಧ ಗಂಟೆ ಸಾಕು. ನಾಲ್ಕು ಸುವಾರ್ತೆಗಳಲ್ಲಿ ಒಟ್ಟು 89 ಅಧ್ಯಾಯಗಳಿವೆ. ದಿನಕ್ಕೊಂದರಂತೆ ಓದಿದರೆ ಮೂರು ತಿಂಗಳಲ್ಲಿ ಮುಗಿಯುತ್ತದೆ. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯಗಳಿರುವುದರಿಂದ ತಿಂಗಳ ತಾರೀಖಿಗೆ ಒಂದೊಂದು ಅಧ್ಯಾಯ ಹೊಂದುತ್ತದೆ. ತಪ್ಪಿಹೋದರೂ ಆ ದಿನದ ತಾರೀಖನ್ನು ನೋಡಿ ಮುಂದುವರಿಯಬಹುದು. ಓದಿದ ಮೇಲೆ ನೋಟ್‌ಬುಕ್ಕಿನಲ್ಲಿ ಒಂದೇ ಒಂದು ಸಾಲು ಬರೆಯಿರಿ: ಇವತ್ತು ಯಾರ ಜೊತೆಗೆ, ಯಾವ ವಿಷಯದಲ್ಲಿ, ಇದರಂತೆ ನಡೆಯಬೇಕು? ‘ಪ್ರೀತಿಯಿಂದ ಇರಬೇಕು’ ಎಂದು ಬರೆದರೆ ಪ್ರಯೋಜನವಿಲ್ಲ. ‘ಸಂಜೆ ಅವ್ವನ ಮೇಲೆ ರೇಗದೆ ಔಷಧ ತಂದುಕೊಡಬೇಕು’ ಎಂದು ಬರೆದರೆ ರಾತ್ರಿ ಅದನ್ನು ತೂಗಿ ನೋಡಬಹುದು.

ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಹೊಲಕ್ಕೋ ಕಟ್ಟಡದ ಕೆಲಸಕ್ಕೋ ಬೆಳಗಾಗುವ ಮೊದಲೇ ಹೊರಡುವವರು ಈ ಅರ್ಧ ಗಂಟೆಯನ್ನು ರಾತ್ರಿ ಊಟದ ನಂತರ ಇಟ್ಟುಕೊಳ್ಳಲಿ. ಮುಂಜಾನೆಯೇ ಆಗಬೇಕೆಂಬ ಹಟದಲ್ಲಿ ಇಡೀ ಅಭ್ಯಾಸವನ್ನು ಕಳೆದುಕೊಂಡವರು ಅನೇಕರಿದ್ದಾರೆ.

ಓದಲು ಬಾರದ ಹಿರಿಯರ ವಿಷಯ ಇಲ್ಲಿ ಹೇಳಲೇಬೇಕು. ನಮ್ಮ ಹಳ್ಳಿಗಳಲ್ಲಿ ಅಕ್ಷರ ತಿಳಿಯದ, ಆದರೆ ಕೀರ್ತನೆಗಳನ್ನೂ ಗೀತೆಗಳನ್ನೂ ಕೇಳಿ ಕೇಳಿಯೇ ಕಂಠಪಾಠ ಮಾಡಿದ ಅಜ್ಜಿಯರಿದ್ದಾರೆ. ಅಂಥ ಅಜ್ಜಿಯ ಪಕ್ಕದಲ್ಲಿ ಆರನೆಯ ತರಗತಿಯ ಮೊಮ್ಮಗಳು ಕುಳಿತು ಬೆರಳಿಟ್ಟು ಓದುತ್ತಾಳೆ. ಅವಳು ಒಂದು ಪದವನ್ನು ತಪ್ಪಿ ಓದಿದ ಕೂಡಲೇ ಅಜ್ಜಿ ಕಣ್ಣು ಮುಚ್ಚಿಕೊಂಡೇ ತಿದ್ದುತ್ತಾಳೆ. ಓದುವ ಕಣ್ಣು ಒಬ್ಬರದು, ನೆನಪು ಇನ್ನೊಬ್ಬರದು. ಮನೆಯಲ್ಲಿ ಇಂಥ ಜೋಡಿ ಸಾಧ್ಯವಿದ್ದರೆ ಬೇರೆ ಯಾವ ಯೋಜನೆಯೂ ಬೇಡ, ಇದನ್ನೇ ಹಿಡಿಯಿರಿ.

ಸಾಮಾನ್ಯ ತಪ್ಪು: ಓದಿದ ವಚನವನ್ನು ಕೂಡಲೇ ವಾಟ್ಸಾಪ್ ಸ್ಟೇಟಸ್‌ಗೆ ಹಾಕುವುದು. ಮೊದಲ ಮೂರು ತಿಂಗಳು ಯಾವ ವಚನವನ್ನೂ ಹಂಚಬೇಡಿ. ನಿಮ್ಮೊಳಗೆ ಅದು ಕೆಲಸ ಮಾಡುವ ಮೊದಲೇ ಇನ್ನೊಬ್ಬರಿಗೆ ಹೇಳಿಬಿಟ್ಟರೆ, ಹೇಳಿದ್ದರಿಂದಲೇ ಮಾಡಿದಂತಾಯಿತೆಂಬ ತೃಪ್ತಿ ಬಂದುಬಿಡುತ್ತದೆ.

ಹಂತ 2: ಮನೆಯ ಹೊಸ್ತಿಲೊಳಗೆ

ಎಲ್ಲ ಹಂತಗಳಲ್ಲಿ ಇದೇ ಕಠಿಣವಾದದ್ದೆಂದು ನಾನು ನಂಬಿದ್ದೇನೆ. ಸಭೆಯಲ್ಲಿ ವಾರಕ್ಕೆ ಎರಡು ತಾಸು ಒಳ್ಳೆಯವರಾಗಿರಬಹುದು. ಮನೆಯವರ ಮುಂದೆ ಅದು ಸಾಧ್ಯವಿಲ್ಲ.

ಚಿಕ್ಕವರು ಲೂಕ 2:51ರಿಂದ ಆರಂಭಿಸಲಿ. ಹನ್ನೆರಡು ವರ್ಷದ ಯೇಸು ದೇವಾಲಯದಲ್ಲಿ ಬೋಧಕರನ್ನು ಬೆರಗುಗೊಳಿಸಿದ ಮೇಲೆ ನಜರೇತಿಗೆ ಹಿಂದಿರುಗಿ ತಂದೆತಾಯಿಗಳಿಗೆ ಅಧೀನನಾಗಿದ್ದನು. ಪ್ರಾಯೋಗಿಕವಾಗಿ ಹೇಳುವುದಾದರೆ, ಕರೆದ ಮೊದಲ ಕೂಗಿಗೆ ಎದ್ದು ಬರುವುದು, ಉಂಡ ತಟ್ಟೆಯನ್ನು ತಾನೇ ತೊಳೆಯುವುದು, ಎಲ್ಲಿಗೆ ಹೋಗುತ್ತಿದ್ದೇನೆಂದು ನಿಜ ಹೇಳಿ ಹೋಗುವುದು. ಗಂಡುಮಕ್ಕಳಿಗೆ ಇದನ್ನು ಒತ್ತಿ ಹೇಳಬೇಕು. ಅಕ್ಕತಂಗಿಯರು ರೊಟ್ಟಿ ಬಡಿದು ಬಡಿಸುವಾಗ ಕುಳಿತು ತಿನ್ನುವ ತಮ್ಮ, ಸಂಜೆ ಯುವಜನರ ಕೂಟದಲ್ಲಿ ಸೇವೆಯ ಬಗ್ಗೆ ಮಾತನಾಡಿದರೆ ಆ ಅಕ್ಕತಂಗಿಯರ ಕಿವಿಗೆ ಅದು ಹೇಗೆ ಕೇಳಿಸೀತು?

ನಡುವಯಸ್ಸಿನವರಿಗೆ ಎರಡು ದಿಕ್ಕಿನ ಹೊಣೆ. ಮಕ್ಕಳಿಗೆ ಕೋಪವೆಬ್ಬಿಸಬೇಡಿರಿ ಎಂದು ಎಫೆಸ 6:4 ತಂದೆಗಳಿಗೆ ಹೇಳುತ್ತದೆ, ಹೆತ್ತವರಿಗೆ ಪ್ರತ್ಯುಪಕಾರ ಮಾಡಲು ಮೊದಲು ಕಲಿಯಲಿ ಎಂದು 1 ತಿಮೊಥೆಯ 5:4 ಮಕ್ಕಳಿಗೆ ಹೇಳುತ್ತದೆ. ನಡುವಯಸ್ಸಿನವರು ಏಕಕಾಲಕ್ಕೆ ಆ ತಂದೆಯೂ ಹೌದು, ಈ ಮಗನೂ ಹೌದು. ಮಗನ ಮುಂದೆ ಮುದಿ ತಂದೆಯನ್ನು ಗದರಿಸುವವನು ತನ್ನ ಮುಪ್ಪಿಗೆ ಪಾಠ ಹೇಳಿಕೊಡುತ್ತಿದ್ದಾನೆ.

ಇನ್ನು ಕುಡಿತ. ನಮ್ಮ ಓಣಿಗಳಲ್ಲಿ ಇದನ್ನು ಮುಚ್ಚಿಟ್ಟು ಮಾದರಿಯ ಮಾತನಾಡಿ ಫಲವಿಲ್ಲ. ಶನಿವಾರ ರಾತ್ರಿ ಕುಡಿದು ಹೆಂಡತಿಯ ಮೇಲೆ ಕೈ ಎತ್ತಿ ಭಾನುವಾರ ಬಿಳಿ ಅಂಗಿ ತೊಟ್ಟು ಕಾಣಿಕೆ ತಟ್ಟೆ ಹಿಡಿಯುವ ಮನುಷ್ಯನ ಮಕ್ಕಳು ಸಭೆಯನ್ನೇ ಬಿಟ್ಟುಹೋಗುತ್ತಾರೆ. ಕುಡಿತದ ಚಟವಿರುವವರು ಮೊದಲು ಸಭಾಪಾಲಕರಿಗೆ ತಿಳಿಸಿ, ಸಭೆಯ ಜವಾಬ್ದಾರಿಯನ್ನು ಬಿಟ್ಟುಕೊಟ್ಟು, ವೈದ್ಯರ ಬಳಿಗೆ ಹೋಗಬೇಕು. ಬಹುಕಾಲದಿಂದ ದಿನವೂ ವಿಪರೀತ ಕುಡಿಯುತ್ತಿದ್ದವರು ವೈದ್ಯರ ನೆರವಿಲ್ಲದೆ ಒಂದೇ ದಿನ ಪೂರಾ ನಿಲ್ಲಿಸಿದರೆ ನಡುಕ, ಭ್ರಮೆ, ಮೂರ್ಛೆ ಬರಬಹುದು, ಪ್ರಾಣಕ್ಕೂ ಅಪಾಯ. ಪ್ರಾರ್ಥನೆ ಮಾಡಿಸಿಕೊಂಡೆವೆಂದು ಔಷಧವನ್ನು ಬಿಡಬಾರದು. ಹೊಡೆತ ತಿನ್ನುವ ಹೆಂಡತಿಗೆ ‘ಸಹಿಸಿಕೋ, ಅದೇ ಸಾಕ್ಷಿ’ ಎಂದು ಹಿರಿಯ ಸ್ತ್ರೀಯರು ಬುದ್ಧಿ ಹೇಳುವುದುಂಟು. ದಯವಿಟ್ಟು ಹಾಗೆ ಹೇಳಬೇಡಿ. ಅವಳಿಗೂ ಮಕ್ಕಳಿಗೂ ಮೊದಲು ಸುರಕ್ಷಿತವಾದ ಮನೆ ಬೇಕು.

ಹಂತ 3: ಬಾಕಿ ಮತ್ತು ಮುನಿಸು ತೀರಿಸುವುದು

ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಹೋಗಿ ಮೊದಲು ಸಹೋದರನ ಸಂಗಡ ಒಂದಾಗು (ಮತ್ತಾಯ 5:23-24). ಈ ಆಜ್ಞೆಯನ್ನು ಒಂದು ದಿನದ ಕೆಲಸವನ್ನಾಗಿ ಮಾಡಿಕೊಳ್ಳಿ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಎರಡು ಪಟ್ಟಿ ಬರೆಯಿರಿ: ಯಾರಿಗೆ ಹಣ ಕೊಡಬೇಕು, ಯಾರೊಂದಿಗೆ ಮಾತು ಬಿಟ್ಟಿದೆ.

ಮೊದಲು ಕಿರಾಣಿ ಅಂಗಡಿಗೆ ಹೋಗಿ. ಉದ್ದನೆಯ ಉದ್ರಿ ಪುಸ್ತಕದಲ್ಲಿ ನಿಮ್ಮ ಹೆಸರಿನ ಪುಟವನ್ನು ತೆಗೆಸಿ, ಸಾಲು ಸಾಲಾಗಿ ಓದಿಸಿ, ಮೊತ್ತವನ್ನು ನಿಮ್ಮ ಕೈಯಿಂದಲೇ ಬರೆದುಕೊಳ್ಳಿ. ಪೂರ್ತಿ ಕೊಡಲಾಗದಿದ್ದರೆ ಇವತ್ತು ಇಷ್ಟು, ಪ್ರತಿ ತಿಂಗಳು ಇಂಥ ತಾರೀಖಿಗೆ ಇಷ್ಟು ಎಂದು ಹೇಳಿ, ಹೇಳಿದ ದಿನ ಅಂಗಡಿಯವನು ಕೇಳುವ ಮೊದಲೇ ಕೊಡಿ. ಬಾಕಿ ಇಟ್ಟುಕೊಂಡು ಆ ಅಂಗಡಿಯ ಮುಂದಿನ ದಾರಿ ಬಿಟ್ಟು ಹಿಂದಿನ ಗಲ್ಲಿಯಿಂದ ದೇವಾಲಯಕ್ಕೆ ಹೋಗುವವರನ್ನು ಆ ಅಂಗಡಿಯವನು ಗುರುತಿಸದೆ ಇರುವುದಿಲ್ಲ. ಸುಂಕದವನಾದ ಜಕ್ಕಾಯನು ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದದ್ದು (ಲೂಕ 19:8) ಊರಿನವರ ಎದುರಿಗೇ. ಅವನ ಪಶ್ಚಾತ್ತಾಪವನ್ನು ಅವರು ಲೆಕ್ಕ ಹಾಕಿ ನೋಡಬಹುದಿತ್ತು.

ಮಹಿಳಾ ಸಂಘದ ಸಾಲ, ಫೈನಾನ್ಸಿನ ವಾರದ ಕಂತು ಇರುವವರು ಹೊಸ ಸಾಲ ತೆಗೆದು ಹಳೆಯದನ್ನು ತೀರಿಸುವ ಸುಳಿಗೆ ಬೀಳಬಾರದು. ಹಬ್ಬಕ್ಕೆ ಹೊಸ ಬಟ್ಟೆ ಇಲ್ಲದಿದ್ದರೂ ಕಂತು ತಪ್ಪದಿರುವುದೇ ಆ ವರ್ಷದ ಸಾಕ್ಷಿ ಎಂದು ಮನೆಯವರೆಲ್ಲ ಕುಳಿತು ಒಪ್ಪಿಕೊಳ್ಳಲಿ.

ಮುನಿಸಿನ ಪಟ್ಟಿಗೆ ಬೇರೆ ವಿಧಾನ. ಮತ್ತಾಯ 18:15 ಹೇಳುವಂತೆ ಒಬ್ಬರೇ ಹೋಗಬೇಕು, ಇಬ್ಬರೇ ಮಾತನಾಡಬೇಕು. ಫೋನಿನಲ್ಲಿ ಬೇಡ, ಗ್ರೂಪಿನಲ್ಲಂತೂ ಬೇಡವೇ ಬೇಡ. ‘ನೀನೂ ಹೀಗೆ ಮಾಡಿದೆ, ನಾನೂ ಹಾಗೆ ಮಾಡಿದೆ’ ಎಂದು ಆರಂಭಿಸಿದರೆ ಜಗಳ ಮತ್ತೆ ಹೊತ್ತಿಕೊಳ್ಳುತ್ತದೆ. ನಿಮ್ಮ ಪಾಲಿನ ತಪ್ಪನ್ನು ಮಾತ್ರ ಹೇಳಿ, ಕ್ಷಮೆ ಕೇಳಿ, ಅವರು ಕೊಟ್ಟರೂ ಕೊಡದಿದ್ದರೂ ಎದ್ದು ಬನ್ನಿ. ಇದರಲ್ಲಿ ಹಿರಿಯರು ಸೋಲುವುದು ಹೆಚ್ಚು. ಕಿರಿಯರ ಮುಂದೆ ಕ್ಷಮೆ ಕೇಳಿದರೆ ಮರ್ಯಾದೆ ಹೋಗುತ್ತದೆಂಬ ಭಯ ಅವರದು. ಅಣ್ಣತಮ್ಮಂದಿರ ಹೊಲದ ಬದುವಿನ ವ್ಯಾಜ್ಯ ಎರಡು ತಲೆಮಾರು ನಡೆದ ಮನೆಗಳಲ್ಲಿ, ದೊಡ್ಡಪ್ಪನೇ ಮೊದಲು ತಮ್ಮನ ಮನೆಯ ಮೆಟ್ಟಿಲು ಹತ್ತಿದರೆ ಆ ಮನೆಯ ಹುಡುಗರಿಗೆ ಬೇರೆ ಪ್ರಸಂಗ ಬೇಕಾಗುವುದಿಲ್ಲ.

ಹಂತ 4: ನಾಲಿಗೆ ಮತ್ತು ಫೋನು

ಹೌದಾದರೆ ಹೌದು, ಅಲ್ಲವಾದರೆ ಅಲ್ಲ (ಮತ್ತಾಯ 5:37). ಇಲ್ಲಿ ಮೊದಲು ತಿದ್ದಬೇಕಾದದ್ದು ಸಣ್ಣ ಸುಳ್ಳು. ಮನೆಯಲ್ಲಿ ಕುಳಿತೇ ‘ಬಸ್‌ಸ್ಟ್ಯಾಂಡಿಗೆ ಬಂದೆ’ ಎನ್ನುವುದು, ಕೊಟ್ಟ ಸಾಲವನ್ನು ಕೇಳಲು ಬಂದವರಿಗೆ ‘ಅಪ್ಪ ಮನೆಯಲ್ಲಿಲ್ಲ ಎಂದು ಹೇಳು’ ಎಂದು ಮಗುವನ್ನು ಬಾಗಿಲಿಗೆ ಕಳಿಸುವುದು. ಎರಡನೆಯದು ಮಗುವಿಗೆ ಸುಳ್ಳಿನ ಮೊದಲ ಪಾಠ.

ಫೋನಿಗೆ ಮೂರು ನಿಯಮ ಸಾಕು. ಖಚಿತಪಡಿಸಿಕೊಳ್ಳದೆ ಯಾವುದನ್ನೂ ಮುಂದಕ್ಕೆ ಕಳಿಸಬಾರದು, ಅದರಲ್ಲೂ ಬೇರೆ ಧರ್ಮದವರನ್ನು ಕುರಿತ ಸಂದೇಶವನ್ನು. ಸಭೆಯ ಸಮಿತಿ, ಚುನಾವಣೆ, ಆಸ್ತಿ ಇವುಗಳ ವಾಗ್ವಾದವನ್ನು ಗ್ರೂಪಿನಲ್ಲಿ ಮಾಡಬಾರದು. ಸಿಟ್ಟಿನಲ್ಲಿ ಬರೆದ ಉತ್ತರವನ್ನು ರಾತ್ರಿ ಕಳಿಸಬಾರದು. ಬೆಳಿಗ್ಗೆ ಓದಿ ನೋಡಿದರೆ ಅದನ್ನು ಕಳಿಸುವ ಮನಸ್ಸು ಬಹುಮಟ್ಟಿಗೆ ಇರುವುದಿಲ್ಲ. ಯಾಕೋಬನ ಪತ್ರಿಕೆಯ 3ನೆಯ ಅಧ್ಯಾಯವನ್ನು ಈ ವಾರ ಮೂರು ಸಲ ಓದಿ.

ಹಂತ 5: ದುಡಿಯುವ ಜಾಗ, ಓದುವ ಜಾಗ

ಏನು ಮಾಡಿದರೂ ಮನುಷ್ಯರಿಗೆಂದಲ್ಲದೆ ಕರ್ತನಿಗೆಂದು ಮನಃಪೂರ್ವಕವಾಗಿ ಮಾಡಿರಿ ಎಂಬ ಮಾತನ್ನು (ಕೊಲೊಸ್ಸೆ 3:23) ಪೌಲನು ಬರೆದದ್ದು ಮೊದಲು ದಾಸರಿಗೆ. ಕೆಲಸದಲ್ಲಿ ಯಾವ ಅಧಿಕಾರವೂ ಇಲ್ಲದವರೂ ಮಾದರಿಯಾಗಬಲ್ಲರು ಎಂಬುದಕ್ಕೆ ಇಷ್ಟು ಸಾಕು. ಅರಾಮ್ಯರ ಸೇನಾಪತಿ ನಾಮಾನನ ಮನೆಯಲ್ಲಿ ಸೆರೆಯಾಳಾಗಿದ್ದ ಚಿಕ್ಕ ಹುಡುಗಿಯನ್ನೂ ನೆನೆಯಿರಿ (2 ಅರಸುಗಳು 5). ಅವಳು ಆಡಿದ್ದು ಒಂದೇ ಮಾತು. ಸೇನಾಪತಿಯೇ ಅದನ್ನು ನಂಬಿ ಪ್ರಯಾಣ ಹೊರಟನು.

ವಿದ್ಯಾರ್ಥಿಗಳಿಗೆ ಈ ಹಂತ ಪರೀಕ್ಷೆಯ ಕೋಣೆಯಲ್ಲಿ ಬರುತ್ತದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳಲ್ಲಿ ಚೀಟಿ ಹರಿದಾಡಿದಾಗ ಅದನ್ನು ಮುಟ್ಟದೆ ಕುಳಿತುಕೊಳ್ಳಲು ಹದಿನಾರರ ವಯಸ್ಸಿನಲ್ಲಿ ಎದೆಗಾರಿಕೆ ಬೇಕು. ಆ ಎದೆಗಾರಿಕೆಯನ್ನು ಮಾರ್ಚ್‌ನಲ್ಲಿ ಹುಡುಕಬೇಡಿ, ಜುಲೈನಿಂದಲೇ ಓದಲು ಕುಳಿತುಕೊಳ್ಳಿ. ಓದದವನಿಗೆ ಚೀಟಿಯ ಆಸೆ ಗೆಲ್ಲುವುದು ಕಷ್ಟ. ತಂದೆತಾಯಿಗಳು ಸಹ ‘ಎಲ್ಲರೂ ಬರೆಯುತ್ತಾರೆ’ ಎನ್ನಬಾರದು. ಕಡಿಮೆ ಅಂಕ ತಂದರೂ ನಿಜವಾಗಿ ಬರೆದೆಯಲ್ಲ ಎಂದು ಮಗುವಿನ ಬೆನ್ನು ತಟ್ಟಬೇಕು.

ರೈತರಿಗೆ ಈ ಹಂತ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಬರುತ್ತದೆ. ತೊಗರಿ ರಾಶಿ ಮುಗಿದು ಚೀಲ ತುಂಬುವಾಗ ಮೇಲಿನ ನಾಲ್ಕು ಬೊಗಸೆ ಸ್ವಚ್ಛವಾದ ಕಾಳು, ನಡುವೆ ಹಸಿ ಕಾಳು ಮತ್ತು ಮಣ್ಣು ತುಂಬಿದರೆ ತೂಕ ಹೆಚ್ಚುತ್ತದೆ. ಅಡತ್ (ದಲ್ಲಾಳಿ) ಅಂಗಡಿಯವನು ಚೀಲದ ನಡುವಿಗೆ ಕೊಳವೆ ಚುಚ್ಚಿ ಕಾಳು ತೆಗೆದು ಅಂಗೈಯಲ್ಲಿ ಹರಡಿ ನೋಡುತ್ತಾನೆ. ಮೇಲೆ ಕಂಡದ್ದೇ ನಡುವೆಯೂ ಇದ್ದ ಚೀಲದ ಯಜಮಾನನ ಹೆಸರು ಅವನಿಗೆ ನೆನಪಿರುತ್ತದೆ. ಮಾಡದ ಕೆಲಸಕ್ಕೆ ಹಾಜರಿ ಹಾಕಿಸುವುದು, ಅನರ್ಹರಾಗಿದ್ದೂ ಸರ್ಕಾರದ ಸವಲತ್ತಿಗೆ ಅರ್ಜಿ ಹಾಕುವುದು, ಕೂಲಿಯವರ ಸಂಬಳವನ್ನು ನಾಳೆಗೆ ತಳ್ಳುವುದು, ಇವೂ ಇದೇ ಲೆಕ್ಕಕ್ಕೆ ಸೇರುತ್ತವೆ. ಕೂಲಿಯನ್ನು ಅದೇ ಸಂಜೆ ಕೊಡುವುದು ಧರ್ಮಶಾಸ್ತ್ರದ ಆಜ್ಞೆ (ಧರ್ಮೋಪದೇಶಕಾಂಡ 24:15).

ಹಂತ 6: ಶುದ್ಧತ್ವ ಮತ್ತು ಮದುವೆ

ಪೌಲನ ಪಟ್ಟಿಯಲ್ಲಿ ಶುದ್ಧತ್ವ ಕೊನೆಯದು, ನಮ್ಮ ಸಭೆಗಳಲ್ಲಿ ಎಲ್ಲಕ್ಕಿಂತ ಕಡಿಮೆ ಮಾತನಾಡುವುದೂ ಇದನ್ನೇ. ಯೌವನಸ್ಥರನ್ನು ಅಣ್ಣತಮ್ಮಂದಿರಂತೆ, ಯೌವನಸ್ಥೆಯರನ್ನು ಪೂರ್ಣ ಶುದ್ಧಭಾವದಿಂದ ಅಕ್ಕತಂಗಿಯರಂತೆ ಕಾಣಬೇಕೆಂದು 1 ತಿಮೊಥೆಯ 5:1-2 ಹೇಳುತ್ತದೆ. ರಾತ್ರಿ ಹತ್ತರ ನಂತರ ಫೋನನ್ನು ಮಲಗುವ ಕೋಣೆಯ ಹೊರಗೆ ಚಾರ್ಜಿಗೆ ಇಡುವುದು ಹುಡುಗರಿಗೂ ಅವರ ಅಪ್ಪಂದಿರಿಗೂ ಸಮಾನವಾಗಿ ಅನ್ವಯಿಸುವ ಅಭ್ಯಾಸ.

ಮದುವೆಯ ಮಾತುಕತೆಯಲ್ಲಿ ಈ ಹಂತ ಕುಟುಂಬದ ಪರೀಕ್ಷೆಯಾಗುತ್ತದೆ. ವರದಕ್ಷಿಣೆ ಕೇಳುವುದೂ ಕೊಡುವುದೂ 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಕ್ರೈಸ್ತರಿಗೂ ಅದರಿಂದ ವಿನಾಯಿತಿಯಿಲ್ಲ. ಆದರೂ ‘ನಾವೇನೂ ಕೇಳುವುದಿಲ್ಲ, ನಿಮ್ಮ ಮಗಳಿಗೆ ನೀವು ಏನು ಹಾಕುತ್ತೀರೋ ಹಾಕಿ’ ಎಂಬ ಮಾತಿನ ಹಿಂದೆ ತೊಲೆ ಬಂಗಾರದ ಲೆಕ್ಕ ನಡೆಯುತ್ತದೆ. ವರ ತಾನೇ ಬಾಯಿ ಬಿಟ್ಟು, ಹಿರಿಯರ ಸಮಕ್ಷಮದಲ್ಲಿ, ಮೊದಲ ಭೇಟಿಯಲ್ಲಿಯೇ ಬೇಡವೆನ್ನಬೇಕು. ಅಮ್ಮನ ಹಿಂದೆ ಸುಮ್ಮನೆ ಕುಳಿತ ಹುಡುಗನ ಮೌನವನ್ನು ಹೆಣ್ಣಿನ ಮನೆಯವರು ಬೇಡಿಕೆಯೆಂದೇ ತಿಳಿಯುತ್ತಾರೆ. ಇಪ್ಪತ್ತೈದರ ಹುಡುಗ ಇಡೀ ಬಂಧುಬಳಗಕ್ಕೆ ಮಾದರಿಯಾಗಲು ಇಷ್ಟು ಒಳ್ಳೆಯ ಅವಕಾಶ ಬಾಳಿನಲ್ಲಿ ಮತ್ತೊಮ್ಮೆ ಬರುವುದಿಲ್ಲ.

ಹಂತ 7: ಸಭೆಯಲ್ಲಿ ವಯಸ್ಸಿಗೆ ತಕ್ಕ ಪಾಲು

ಈಗ ಮಾತ್ರ ಸಭೆಯ ಕೆಲಸಕ್ಕೆ ಬನ್ನಿ, ಅದೂ ಕಣ್ಣಿಗೆ ಬೀಳದ ಕೆಲಸದಿಂದ. ಆರಾಧನೆಗೆ ಮುಂಚೆ ಚಾಪೆ ಹಾಸುವುದು, ಕೊಯ್ಲಿನ ಹಬ್ಬದ ಮರುದಿನ ಅಂಗಳ ಗುಡಿಸುವುದು, ಜಾತ್ರೆಗೆ ಬಂದವರಿಗೆ ನೀರು ಹೊತ್ತು ಹಾಕುವುದು. ಆರು ತಿಂಗಳು ಇದನ್ನು ಗೊಣಗದೆ ಮಾಡಿದವರಿಗೆ ಹಾಡಿನ ಪುಸ್ತಕವನ್ನೋ ಸಂಡೇ ಸ್ಕೂಲಿನ ತರಗತಿಯನ್ನೋ ಕೊಡಬಹುದು. ಚೆನ್ನಾಗಿ ಗಿಟಾರ್ ನುಡಿಸುತ್ತಾನೆಂದು ಹೊಸ ಹುಡುಗನನ್ನು ಮೊದಲ ವಾರವೇ ಮುಂದೆ ನಿಲ್ಲಿಸುವ ಸಭೆಗಳು ಆ ಹುಡುಗನಿಗೇ ಕೇಡು ಮಾಡುತ್ತಿವೆ.

ವಯಸ್ಸಿನ ವಿಷಯದಲ್ಲಿ ತೀತನ ಪತ್ರಿಕೆಯ 2ನೆಯ ಅಧ್ಯಾಯ ವೃದ್ಧರು, ವೃದ್ಧ ಸ್ತ್ರೀಯರು, ಯೌವನಸ್ಥೆಯರು, ಯೌವನಸ್ಥರು ಎಂದು ಯಾರನ್ನೂ ಬಿಡುವುದಿಲ್ಲ. ಕಾಲೇಬನು 85ನೆಯ ವಯಸ್ಸಿನಲ್ಲಿ ಬೆಟ್ಟದ ಸೀಮೆಯನ್ನು ಕೊಡು ಎಂದು ಕೇಳಿದನು (ಯೆಹೋಶುವ 14). ಯೋಷೀಯನು ಪಟ್ಟಕ್ಕೆ ಬಂದಾಗ ಅವನಿಗೆ 8 ವರ್ಷ. ಇವರಿಬ್ಬರ ನಡುವೆ ಎಲ್ಲೋ ಒಂದು ಕಡೆ ನೀವಿದ್ದೀರಿ. ಮೊಣಕಾಲು ನೋವಿನಿಂದ ಹೊರಬರಲಾಗದ ಹಿರಿಯರಿಗೆ, ದೇವಾಲಯದಲ್ಲಿ ಹಗಲಿರುಳು ಪ್ರಾರ್ಥಿಸುತ್ತಿದ್ದ ಮುದಿ ವಿಧವೆ ಅನ್ನಳ (ಲೂಕ 2) ಕೆಲಸವಿದೆ: ಸಭೆಯ ಪ್ರತಿಯೊಂದು ಮನೆಯ ಹೆಸರು ಹಿಡಿದು ಪ್ರಾರ್ಥಿಸುವುದು. ಅದನ್ನು ಸಾಂಗವಾಗಿ ಮಾಡಲು ಕಿರಿಯರೊಬ್ಬರು ಪ್ರತಿ ಭಾನುವಾರ ಸಂಜೆ ಹೋಗಿ, ಯಾರಿಗೆ ಕಾಯಿಲೆ, ಯಾರ ಮಗ ಪುಣೆಗೆ ಹೋದ, ಯಾರ ಹೊಲದ ಬಾವಿ ಬತ್ತಿತು ಎಂದು ತಿಳಿಸಿ ಬರಬೇಕು.

ಹಿರಿಯರು ಗಮನಿಸಬೇಕಾದ ಒಂದು ಮಾತು 1 ಪೇತ್ರ 5:3ರಲ್ಲಿದೆ: ದೊರೆತನ ಮಾಡುವವರಾಗಿರದೆ ಮಂದೆಗೆ ಮಾದರಿಯಾಗಿರಬೇಕು. ಇಪ್ಪತ್ತು ವರ್ಷ ಖಜಾಂಚಿಯಾಗಿದ್ದವರು ಲೆಕ್ಕದ ಪುಸ್ತಕವನ್ನು ಕಿರಿಯರ ಕೈಗಿತ್ತು ಪಕ್ಕದಲ್ಲಿ ಕುಳಿತು ಕಲಿಸುವುದೂ ಮಾದರಿಯೇ. ಕಿರಿಯರು ಹಿರಿಯರ ತಪ್ಪನ್ನು ಕಂಡಾಗ ಗದರಿಸಬಾರದು, ತಂದೆಗೆ ಹೇಳುವಂತೆ ಏಕಾಂತದಲ್ಲಿ ಹೇಳಬೇಕು. ಆದರೆ ಹಣದ ದುರುಪಯೋಗವನ್ನೋ ಮಕ್ಕಳ ಮೇಲಿನ ದೌರ್ಜನ್ಯವನ್ನೋ ಕಂಡರೆ ಏಕಾಂತದ ಮಾತು ಸಾಲದು. ಹಣದ ವಿಷಯವನ್ನು ಸಭೆಯ ಮೇಲಧಿಕಾರಿಗಳಿಗೆ ಮುಟ್ಟಿಸಬೇಕು, ಮಕ್ಕಳ ವಿಷಯವನ್ನು ಪೊಲೀಸರಿಗೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಲೇಬೇಕು.

ಹಂತ 8: ನೆರೆಹೊರೆಯ ನಡುವೆ

ನಮ್ಮ ಓಣಿಗಳಲ್ಲಿ ಲಿಂಗಾಯತರು, ಮುಸಲ್ಮಾನರು, ಮರಾಠಿ ಮಾತನಾಡುವವರು, ಬೌದ್ಧರು, ಸಿಖ್ಖರು ಎಲ್ಲರೂ ಇದ್ದಾರೆ. ಕೇಳಿದವರಿಗೆ ಉತ್ತರ ಹೇಳಲು ಸಿದ್ಧರಾಗಿರಿ, ಆದರೆ ಸಾತ್ವಿಕತ್ವದಿಂದ ಹೇಳಿರಿ ಎಂದು 1 ಪೇತ್ರ 3:15 ಹೇಳುತ್ತದೆ. ಕೇಳುವ ಮೊದಲೇ ಹೇಳುವ ಆತುರ ಬೇಡ. ನೆರೆಮನೆಯ ಸಾವಿಗೆ ಹೋಗಿ ಕುಳಿತುಕೊಳ್ಳುವುದು, ಆಸ್ಪತ್ರೆಯಲ್ಲಿ ರಕ್ತ ಬೇಕಾದಾಗ ಮುಂದೆ ಬರುವುದು, ರಾತ್ರಿ ಪ್ರಾರ್ಥನಾ ಕೂಟದಲ್ಲಿ ಧ್ವನಿವರ್ಧಕವನ್ನು ಹತ್ತಕ್ಕೆ ಮುಂಚೆ ನಿಲ್ಲಿಸುವುದು ಇಲ್ಲಿ ಬೇಕಾದ ನಡತೆ. ಕಷ್ಟದಲ್ಲಿರುವವರಿಗೆ ಸಹಾಯ ಮಾಡುವಾಗ ಅದಕ್ಕೆ ಯಾವ ಷರತ್ತನ್ನೂ ಅಂಟಿಸಬೇಡಿ. ಷರತ್ತು ಅಂಟಿದ ಅಕ್ಕಿಯಲ್ಲಿ ಪ್ರೀತಿ ಉಳಿಯುವುದಿಲ್ಲ. ಅವಮಾನಿಸಿದವರಿಗೆ ತಿರುಗಿ ಬೈಯದೆ ಇರುವುದನ್ನು ಹುಡುಗರಿಗೆ ಮೊದಲೇ ಕಲಿಸಿಡಿ.

ಅಪಾಯದ ಸೂಚನೆಗಳು

ತಿಂಗಳಿಗೊಮ್ಮೆ ಜೊತೆಗಾರನೊಡನೆ ಕುಳಿತು ಇವುಗಳನ್ನು ಪರೀಕ್ಷಿಸಿಕೊಳ್ಳಿ. ಮನೆಯವರ ಮುಂದೆ ಪ್ರಾರ್ಥಿಸಲು ಮುಜುಗರ, ಸಭೆಯ ಮುಂದೆ ಪ್ರಾರ್ಥಿಸಲು ಉತ್ಸಾಹ ಬರುತ್ತಿದ್ದರೆ ಎರಡನೆಯ ಹಂತ ಕೆಟ್ಟಿದೆ. ಯಾರಾದರೂ ಫೋನ್ ಕೇಳಿದರೆ ಎದೆ ಧಸಕ್ಕೆನ್ನುತ್ತಿದ್ದರೆ ನಾಲ್ಕಕ್ಕೋ ಆರಕ್ಕೋ ಹಿಂದಿರುಗಿ. ಇನ್ನೊಬ್ಬರು ಪಾಪದಲ್ಲಿ ಬಿದ್ದ ಸುದ್ದಿ ಕೇಳಿ ಒಳಗೊಳಗೆ ಸಮಾಧಾನವಾದರೆ ಅದು ಎಲ್ಲಕ್ಕಿಂತ ಕೆಟ್ಟ ಸೂಚನೆ. ನೋಟ್‌ಬುಕ್ಕಿನಲ್ಲಿ ಹದಿನೈದು ದಿನ ಖಾಲಿ ಬಿದ್ದಿದ್ದರೆ ಗಾಬರಿ ಬೇಡ, ಹಿಂದಿನದನ್ನು ತುಂಬಲು ಹೋಗದೆ ಇವತ್ತಿನ ಸಾಲು ಬರೆಯಿರಿ. ಹಿರಿಯರಲ್ಲಿ ಮುಖ್ಯ ಸೂಚನೆ ಒಂದೇ: ಕಿರಿಯರು ತಮ್ಮ ಮುಂದೆ ನಿಜ ಹೇಳುವುದನ್ನು ನಿಲ್ಲಿಸಿರುವುದು. ಅವರು ಬದಲಾಗಿದ್ದಾರೆಂದು ದೂರುವ ಮೊದಲು, ಹೇಳಿದಾಗಲೆಲ್ಲ ನಾನು ಬೈದೆನೇ ಎಂದು ಕೇಳಿಕೊಳ್ಳಿ.

ಬಿದ್ದಾಗ ಮಾಡಬೇಕಾದದ್ದು

ಶಿಷ್ಯನಾದ ಪೇತ್ರನು ಯೇಸುವನ್ನು ಮೂರು ಸಲ ಅಲ್ಲಗಳೆದನು, ಮೂರು ಸಲ ಪ್ರೀತಿಯ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ ಕುರಿಗಳನ್ನು ಮೇಯಿಸುವ ಕೆಲಸ ಅವನಿಗೆ ಮರಳಿ ಸಿಕ್ಕಿತು (ಯೋಹಾನ 21). ಬಿದ್ದವರು ಮೊದಲು ದೇವರ ಮುಂದೆ 51ನೆಯ ಕೀರ್ತನೆಯನ್ನು ಪ್ರಾರ್ಥಿಸಲಿ. ಅದೇ ದಿನ ಜೊತೆಗಾರನಿಗೆ ಹೇಳಲಿ. ಎರಡು ದಿನ ತಡವಾದರೆ ನೆಪಗಳು ಹುಟ್ಟಿಕೊಳ್ಳುತ್ತವೆ. ನೊಂದವರ ಬಳಿಗೆ ಹೋಗಿ ನಷ್ಟವನ್ನು ತುಂಬಿಕೊಡಲಿ. ತಪ್ಪು ಬಹಿರಂಗವಾಗಿ ಆಗಿದ್ದರೆ ಸಭೆಯ ಕೆಲಸದಿಂದ ಹಿಂದೆ ಸರಿಯಬೇಕು. ಎಷ್ಟು ಕಾಲವೆಂಬುದನ್ನು ತಾವೇ ನಿರ್ಧರಿಸದೆ ಸಭಾಪಾಲಕರಿಗೂ ಹಿರಿಯರಿಗೂ ಬಿಡಬೇಕು. ಆ ಅವಧಿಯಲ್ಲಿ ಆರಾಧನೆಗೆ ಬರುವುದನ್ನು ಮಾತ್ರ ನಿಲ್ಲಿಸಕೂಡದು. ಬಿದ್ದವನ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳುವುದು ಆ ಭಾನುವಾರ ಉಳಿದವರ ಮಾದರಿ.

ಊರು ಬಿಟ್ಟು ದುಡಿಯಲು ಹೋಗುವವರಿಗೆ

ಹೈದರಾಬಾದ್, ಪುಣೆ, ಮುಂಬಯಿ, ಬೆಂಗಳೂರಿಗೆ ಹೋಗುವವರು ಈ ಎಲ್ಲ ಅಭ್ಯಾಸಗಳನ್ನು ಕಳೆದುಕೊಳ್ಳುವುದು ಬಹುಮಟ್ಟಿಗೆ ಮೊದಲ ತಿಂಗಳಲ್ಲಿ. ಅಲ್ಲಿ ಅವರನ್ನು ಬಲ್ಲವರು ಯಾರೂ ಇರುವುದಿಲ್ಲ. ಹೊರಡುವ ಮುಂಚೆ ಸಭಾಪಾಲಕರಿಂದ ಪರಿಚಯ ಪತ್ರ ಬರೆಸಿಕೊಳ್ಳಿ, ಮೊದಲ ಭಾನುವಾರವೇ ಅಲ್ಲಿನ ಒಂದು ಸಭೆಗೆ ಹೋಗಿ ಅದನ್ನು ಕೊಡಿ. ಭಾನುವಾರ ರಜೆ ಸಿಗದ ಕೆಲಸವಾದರೆ ವಾರದ ನಡುವಿನ ಪ್ರಾರ್ಥನಾ ಕೂಟವನ್ನು ಹುಡುಕಿಕೊಳ್ಳಿ. ಊರಿನ ಜೊತೆಗಾರನಿಗೆ ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿಗೆ ಫೋನ್ ಮಾಡಿ. ಕೋಣೆಯಲ್ಲಿ ನಾಲ್ಕೈದು ಜನ ಕೂಡಿ ಇರುವಾಗ ಮೊದಲ ರಾತ್ರಿಯೇ ಸತ್ಯವೇದವನ್ನು ಚೀಲದಿಂದ ಹೊರತೆಗೆದು ಎಲ್ಲರಿಗೂ ಕಾಣುವಂತೆ ತಲೆದಿಂಬಿನ ಹತ್ತಿರ ಇಟ್ಟುಬಿಡಿ. ಎರಡನೆಯ ವಾರಕ್ಕೆ ಮುಂದೂಡಿದರೆ ಅದು ಚೀಲದಲ್ಲೇ ಉಳಿಯುತ್ತದೆ. ಮನೆಗೆ ಹಣ ಕಳಿಸುವ ತಾರೀಖನ್ನೂ ಮೊದಲ ಸಂಬಳದ ದಿನವೇ ಗೊತ್ತು ಮಾಡಿ ಅವ್ವನಿಗೆ ತಿಳಿಸಿ.